ಜನರಲ್ ಅಸೆಂಬ್ಲಿಗೆ ಹೋದರೆ ನಾನೂ ಮತ ಹಾಕಬಹುದೇ?

ಪ್ರಶ್ನೆ: ನಾವು ಧಾರವಾಡದ ಕಡೆಯವರು. ಊರಲ್ಲಿದ್ದಾಗ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆ, ಈಗ ನ್ಯೂಜೆರ್ಸಿಯಲ್ಲಿ ಮನೆ ಹತ್ತಿರದ ಪ್ರೆಸ್ಬಿಟೇರಿಯನ್ ಚರ್ಚ್ (ಯು.ಎಸ್.ಎ.) ಸಭೆಗೆ ಸೇರಿದ್ದೇವೆ. ಈ ಸಲ ರಜೆ ಹಾಕಿ ಈ ಪಂಗಡದ ಅತಿ ಮೇಲಿನ ಕೂಟವಾದ ಜನರಲ್ ಅಸೆಂಬ್ಲಿಗೆ ಹೋಗೋಣ ಅಂತಿದ್ದೇನೆ. ಸದಸ್ಯನಾದ ನನಗೆ ಅಲ್ಲಿ ಮತ ಇದೆಯೇ? ಇಲ್ಲದಿದ್ದರೆ, ನಮ್ಮ ಸಭೆಯಿಂದ ಹೋದವರಾದರೂ ನಮ್ಮನ್ನು ಕೇಳಿ ಮತ ಹಾಕಬೇಕಲ್ಲವೇ?

ಉತ್ತರ: ಧಾರಾಳವಾಗಿ ಹೋಗಿ, ಕೂತು ನೋಡಿ. ಮತ ಮಾತ್ರ ಇಲ್ಲ. ಎರಡನೆಯ ಪ್ರಶ್ನೆಗೂ ಉತ್ತರ ‘ಇಲ್ಲ’ ಎಂದೇ. ಆದರೆ ಈ ಎರಡನೆಯ ‘ಇಲ್ಲ’ದ ಒಳಗೆ ಪ್ರೆಸ್ಬಿಟೇರಿಯನ್ನರ ಇಡೀ ವ್ಯವಸ್ಥೆಯೇ ಅಡಗಿದೆ.

ಎರಡು ವರ್ಷಕ್ಕೊಮ್ಮೆ ಸೇರುವ ಈ ಅಸೆಂಬ್ಲಿಯಲ್ಲಿ ಮತ ಇರುವುದು ಕಮಿಷನರುಗಳಿಗೆ. ಕಮಿಷನರ್ ಅಂದಕೂಡಲೇ ನಮಗೆ ಪೊಲೀಸ್ ಕಮಿಷನರೋ ಪಾಲಿಕೆ ಕಮಿಷನರೋ ಕಣ್ಣ ಮುಂದೆ ಬರುತ್ತಾರೆ. ಇಲ್ಲಿ ಆ ಗತ್ತೇನೂ ಇಲ್ಲ. ಪ್ರೆಸ್ಬಿಟರಿ ಆರಿಸಿ ಕಳಿಸಿದ ಸಭಾಪಾಲಕರು (ಪಾದ್ರಿಗಳು) ಮತ್ತು ಹಿರಿಯರು (ಸದಸ್ಯರು ತಮ್ಮೊಳಗಿಂದಲೇ ಆರಿಸಿದ ಮುಂದಾಳುಗಳು), ಅಷ್ಟೇ. ಪ್ರೆಸ್ಬಿಟರಿ ಎಂದರೆ ಒಂದು ಪ್ರದೇಶದ ಸಭೆಗಳೆಲ್ಲ ಸೇರಿದ ಆಡಳಿತ ಕೂಟ. 1947ರಲ್ಲಿ ಸಿಎಸ್‌ಐ ರೂಪುಗೊಂಡಾಗ ಪ್ರೆಸ್ಬಿಟೇರಿಯನ್ನರೂ ಅದರಲ್ಲಿ ಕೂಡಿಕೊಂಡರು. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಮೂಲದಲ್ಲಿ ಸ್ಕಾಟ್ಲೆಂಡ್ ಚರ್ಚಿನದೇ. ಆದರೆ ಸಿಎಸ್‌ಐ ಬಿಷಪ್ಪರನ್ನು ಇಟ್ಟುಕೊಂಡಿತು. ನೀವೀಗ ಇರುವ ಪಂಗಡದಲ್ಲಿ ಬಿಷಪ್ ಇಲ್ಲ, ಆ ಕೆಲಸವೆಲ್ಲ ಪ್ರೆಸ್ಬಿಟರಿಯದು.

ಹಾಗಾಗಿ ‘ನಮ್ಮ ಸಭೆಯಿಂದ ಹೋದವರು’ ಎಂಬ ಮಾತೇ ಇಲ್ಲಿ ನಿಲ್ಲುವುದಿಲ್ಲ. ಸಭೆ ಯಾರನ್ನೂ ನೇರ ಕಳಿಸುವುದಿಲ್ಲ. 8,000ದವರೆಗೆ ಸದಸ್ಯರಿರುವ ಪ್ರೆಸ್ಬಿಟರಿಯಿಂದ ಒಬ್ಬ ಸಭಾಪಾಲಕರು, ಒಬ್ಬ ಹಿರಿಯರು, 16,000ದವರೆಗೆ ಇದ್ದರೆ ಇಬ್ಬಿಬ್ಬರು, ಹೀಗೇ ಮೇಲಕ್ಕೆ. ಎರಡು ಕಡೆಯೂ ಲೆಕ್ಕ ಸಮ. ಪಾದ್ರಿಗಳದ್ದೇ ಮೇಲುಗೈ ಆಗಬಾರದೆಂಬುದು ಇವರ ಹಳೆಯ ಹಟ. ಒಳ್ಳೆಯ ಹಟವೆಂದೇ ನನ್ನ ಎಣಿಕೆ.

ಹಾಗೆ ಹೋದವರು ಯಾರ ಮಾತಿಗೂ ಕಟ್ಟುಬಿದ್ದವರಲ್ಲ. ಪ್ರೆಸ್ಬಿಟರಿ ಕೂಡ ‘ಹೀಗೇ ಮತ ಹಾಕಿ ಬಾ’ ಎಂದು ಕಟ್ಟಪ್ಪಣೆ ಮಾಡುವಂತಿಲ್ಲ. ಜನರ ಇಷ್ಟವನ್ನು ಒಪ್ಪಿಸಿ ಬರುವುದಲ್ಲ, ಒಟ್ಟಿಗೆ ಕೂತು ಕ್ರಿಸ್ತನ ಚಿತ್ತವೇನೆಂದು ಹುಡುಕುವುದು ಅವರ ಕೆಲಸ ಎಂದು ಚರ್ಚಿನ ಸಂವಿಧಾನವೇ ಹೇಳುತ್ತದೆ. ಕೇಳಲು ಚಂದ. ತಮಗೆ ಬೇಡದ ತೀರ್ಮಾನ ಬಂದಾಗ ಮಾತ್ರ ಊರಿನ ಸಭೆಯವರಿಗೆ ಇದನ್ನು ನುಂಗುವುದು ಕಷ್ಟ.

2012ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದದ್ದು ನೋಡಿ. ಇಸ್ರೇಲ್ ಆಕ್ರಮಿತ ಪ್ಯಾಲೆಸ್ಟೀನ್ ಪ್ರದೇಶಗಳಲ್ಲಿ ಉತ್ಪನ್ನಗಳು ಬಳಕೆಯಾಗುತ್ತಿವೆ ಎಂಬ ಕಾರಣಕ್ಕೆ ಕ್ಯಾಟರ್‌ಪಿಲ್ಲರ್, ಹ್ಯೂಲೆಟ್ ಪ್ಯಾಕರ್ಡ್, ಮೊಟೊರೊಲಾ ಸಲ್ಯೂಷನ್ಸ್ ಕಂಪನಿಗಳ ಷೇರುಗಳನ್ನು ಚರ್ಚ್ ಮಾರಿಬಿಡಬೇಕೆಂದು ಸಮಿತಿ ಶಿಫಾರಸು ಮಾಡಿತ್ತು. ಅದರ ಜಾಗಕ್ಕೆ, ಮಾರುವುದು ಬೇಡವೆನ್ನುವ ಬೇರೆ ವರದಿ ತರೋಣವೆಂಬ ಸೂಚನೆ ಬಂತು. ಗುಂಡಿ ಒತ್ತಿದರು, ಪರದೆಯ ಮೇಲೆ ಅಂಕಿ ಮೂಡಿತು: ಪರ 333, ವಿರೋಧ 331, ತಟಸ್ಥರು ಇಬ್ಬರು. ‘ಪರ’ದ ಒಂದೇ ಒಂದು ಬೆರಳು ಪಕ್ಕದ ಗುಂಡಿಗೆ ಸರಿದಿದ್ದರೆ ಸರಿಸಮ! ಷೇರು ಮಾರುವ ಮಾತು ಅಲ್ಲಿಗೆ ನಿಂತಿತು. 2014ರಲ್ಲಿ ಡೆಟ್ರಾಯಿಟ್‌ನಲ್ಲಿ ಅದೇ ವಿಷಯ ಮತ್ತೆ ಬಂದು 310–303ರಲ್ಲಿ ಗೆದ್ದಿತು. ಪ್ರತಿ ಅಸೆಂಬ್ಲಿಗೂ ಕಮಿಷನರುಗಳ ಆಯ್ಕೆ ಹೊಸದಾಗಿ ನಡೆಯುತ್ತದಾದ್ದರಿಂದ ಪಿಟ್ಸ್‌ಬರ್ಗ್‌ನಲ್ಲಿ ಗುಂಡಿ ಒತ್ತಿದವರೇ ಡೆಟ್ರಾಯಿಟ್‌ನಲ್ಲೂ ಕೂತಿರಲಿಲ್ಲ.

ಮಹಾಸಭೆಯಲ್ಲಿ, ಅಂದರೆ ಅಸೆಂಬ್ಲಿಯ ಎಲ್ಲರೂ ಒಟ್ಟಿಗೆ ಕೂರುವ ಕಲಾಪದಲ್ಲಿ, ಇನ್ನೊಂದು ದೃಶ್ಯ ನಿಮಗೆ ವಿಚಿತ್ರವೆನಿಸಬಹುದು. ಕಮಿಷನರುಗಳಿಗಿಂತ ಮೊದಲು ಯುವಜನರು, ದೇವಜ್ಞಾನ ಕಾಲೇಜಿನ ವಿದ್ಯಾರ್ಥಿಗಳು ಮುಂತಾದ ಸಲಹಾ ಪ್ರತಿನಿಧಿಗಳು ಮತ ಹಾಕುತ್ತಾರೆ. ಅದು ಲೆಕ್ಕಕ್ಕಿಲ್ಲ, ಆದರೆ ಪರದೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಚಿಕ್ಕವರು ಏನಂದರೆಂದು ನೋಡಿಕೊಂಡೇ ದೊಡ್ಡವರು ಗುಂಡಿ ಒತ್ತಬೇಕು. ನಮ್ಮ ಮನೆಗಳಲ್ಲಿ ಈ ಕ್ರಮ ಉಲ್ಟಾ.

ನೋಡಲು ಬಂದವರಿಗೆ ಮಹಾಸಭೆಯಲ್ಲಿ ಮತವೂ ಇಲ್ಲ, ಮಾತೂ ಇಲ್ಲ. ಕಲಾಪ ಆನ್‌ಲೈನ್‌ನಲ್ಲಿ ನೇರ ಪ್ರಸಾರವಾಗುತ್ತದೆ, ಅಷ್ಟಕ್ಕೇ ಆದರೆ ಟಿಕೆಟ್ ದುಡ್ಡು ಉಳಿಸಬಹುದು. ವಿಷಯಗಳನ್ನು ಮೊದಲು ಪರಿಶೀಲಿಸುವ ಸಮಿತಿಗಳನ್ನೂ ನೋಡುವ ಆಸೆಯಿದ್ದರೆ ವೇಳಾಪಟ್ಟಿ ನೋಡಿಕೊಂಡೇ ರಜೆ ಹಾಕಿ. 2024ರಲ್ಲಿ ಸಮಿತಿಗಳು ಮೊದಲೇ ಆನ್‌ಲೈನ್‌ನಲ್ಲಿ ಸೇರಿ ಕೆಲಸ ಮುಗಿಸಿದ್ದವು, ಸಾಲ್ಟ್ ಲೇಕ್ ಸಿಟಿಯಲ್ಲಿ ಸೇರಿದ್ದು ಮಹಾಸಭೆ.

ಹಾಗಾದರೆ ನಿಮ್ಮ ಮತ ಎಲ್ಲಿದೆ? ನಿಮ್ಮ ಸಭೆಯ ವಾರ್ಷಿಕ ಕೂಟದಲ್ಲಿ. ಹಿರಿಯರನ್ನು ಆರಿಸುವುದು ನೀವೇ. ಆ ಹಿರಿಯರೇ ಪ್ರೆಸ್ಬಿಟರಿಯಲ್ಲಿ ಕೂರುವವರು. ಅಸೆಂಬ್ಲಿಗೆ ಒಂದು ವಿಷಯ ಹೋಗಬೇಕೆಂದು ನಿಮಗನ್ನಿಸಿದರೆ ಮೊದಲು ಅವರಿಗೆ ಹೇಳಿ. ಅವರ ಮೂಲಕ ಪ್ರೆಸ್ಬಿಟರಿ ಅದನ್ನು ಒಪ್ಪಿದರೆ ‘ಓವರ್‌ಚರ್’ ಎಂಬ ಹೆಸರಿನಲ್ಲಿ ಮೇಲೆ ಹೋಗುತ್ತದೆ. ಸ್ವತಃ ಕಮಿಷನರ್ ಆಗುವ ಆಸೆಯಿದ್ದರೂ ದಾರಿ ಇದೇ: ಮೊದಲು ಹಿರಿಯರಾಗಿ.

ಇನ್ನು, ಚರ್ಚಿನ ಸಂವಿಧಾನದ ನಿಯಮಗಳ ಭಾಗವನ್ನು ತಿದ್ದುವ ವಿಷಯವಾದರೆ ಅಸೆಂಬ್ಲಿಯ ಮತವೇ ಕೊನೆಯದಲ್ಲ. ಅರ್ಧಕ್ಕಿಂತ ಹೆಚ್ಚು ಪ್ರೆಸ್ಬಿಟರಿಗಳು ಒಪ್ಪಬೇಕು. 2008ರಲ್ಲಿ ಸ್ಯಾನ್ ಹೊಸೆಯ ಅಸೆಂಬ್ಲಿ ಸಭಾಪಾಲಕರು, ಹಿರಿಯರು ಮುಂತಾದವರ ದೀಕ್ಷೆಯ ನಿಯಮ ಬದಲಿಸಲು ಒಪ್ಪಿದ್ದನ್ನು ಪ್ರೆಸ್ಬಿಟರಿಗಳು ಬೀಳಿಸಿದವು. 2014ರಲ್ಲಿ ಮದುವೆಯ ವ್ಯಾಖ್ಯೆಯನ್ನು ‘ಇಬ್ಬರು ವ್ಯಕ್ತಿಗಳು’ ಎಂದು ಬದಲಿಸಲು ಅಸೆಂಬ್ಲಿ ಒಪ್ಪಿದ ಮೇಲೂ ತಿಂಗಳುಗಟ್ಟಲೆ ಕಾಯಬೇಕಾಯಿತು. ಆಗ ಇದ್ದದ್ದು 171 ಪ್ರೆಸ್ಬಿಟರಿಗಳು, ಬೇಕಿದ್ದದ್ದು 86. 2015ರ ಮಾರ್ಚ್ 17ರಂದು ಆ ಎಂಬತ್ತಾರನೆಯ ‘ಹೂಂ’ ಬಂದದ್ದು ಪ್ಯಾಲಿಸೇಡ್ಸ್ ಪ್ರೆಸ್ಬಿಟರಿಯಿಂದ. ಅದು ಇದ್ದದ್ದು ನಿಮ್ಮ ನ್ಯೂಜೆರ್ಸಿಯಲ್ಲೇ.