ಪದ ಪರಿಚಯ: ಎಲೆಕ್ಟ್ರೋವೆಟಿಂಗ್

ಕೆಸುವಿನ ಎಲೆಯ ಮೇಲೆ ಬಿದ್ದ ನೀರು ದುಂಡಗೆ ನಿಂತು ಉರುಳಿಹೋಗುತ್ತದೆ. ಅದೇ ನೀರು ತೊಳೆದ ಗಾಜಿನ ಮೇಲೆ ಬಿದ್ದರೆ ತೆಳ್ಳಗೆ ಹಬ್ಬುತ್ತದೆ. ಹನಿಯ ಅಂಚು ನೆಲೆಯನ್ನು ಮುಟ್ಟುವಲ್ಲಿ ದ್ರವದ ಒಳಗಿನಿಂದ ಅಳೆಯುವ ಕೋನಕ್ಕೆ ಸ್ಪರ್ಶಕೋನ ಎಂದು ಹೆಸರು. ಈ ಕೋನವನ್ನು ವಿದ್ಯುತ್ತಿನಿಂದ ಬದಲಿಸಿ, ದುಂಡಗಿನ ಹನಿಯನ್ನು ಹರಡುವಂತೆ ಮಾಡುವ ವಿದ್ಯೆಯೇ ಎಲೆಕ್ಟ್ರೋವೆಟಿಂಗ್. ಕನ್ನಡದಲ್ಲಿ 'ವಿದ್ಯುತ್ ತೇವನ' ಎನ್ನಬಹುದು.

ಇದರ ಬೇರು ಫ್ರೆಂಚ್ ಭೌತವಿಜ್ಞಾನಿ ಗೇಬ್ರಿಯೆಲ್ ಲಿಪ್‌ಮನ್ 1875ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿದೆ. ಸಪೂರ ಗಾಜಿನ ನಳಿಗೆಯಲ್ಲಿ ಆಮ್ಲದ್ರಾವಣಕ್ಕೆ ತಾಗಿ ನಿಂತ ಪಾದರಸವು, ವೋಲ್ಟೇಜ್ ತುಸು ಬದಲಾದರೂ ಏರಿಳಿಯುವುದನ್ನು ಅವರು ತೋರಿಸಿದರು. ಈ ತತ್ತ್ವದ ಮೇಲೆ ಅವರು ಕಟ್ಟಿದ ಉಪಕರಣದಿಂದಲೇ 1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಮನುಷ್ಯನ ಹೃದಯದ ವಿದ್ಯುತ್ತನ್ನು ದಾಖಲಿಸಿದರು. ಆದರೆ ನೀರಿನ ವಿಷಯದಲ್ಲಿ ಒಂದು ತೊಡಕಿತ್ತು: ಲೋಹದ ಮೇಲೆ ನೇರವಾಗಿ ಕುಳಿತ ನೀರಿಗೆ ಒಂದೆರಡು ವೋಲ್ಟ್ ಕೊಡುವಷ್ಟರಲ್ಲಿ ಅದು ಜಲಜನಕ, ಆಮ್ಲಜನಕಗಳಾಗಿ ಒಡೆಯತೊಡಗುತ್ತದೆ. 1993ರಲ್ಲಿ ಬ್ರೂನೋ ಬರ್ಜ್ ಲೋಹಕ್ಕೂ ನೀರಿಗೂ ನಡುವೆ ತೆಳುವಾದ ನಿರೋಧಕ ಪೊರೆಯನ್ನಿಟ್ಟು ಈ ತೊಡಕನ್ನು ಬಿಡಿಸಿದರು. ಟೆಫ್ಲಾನ್‌ನಂಥ ವಸ್ತುವಿನ 1 ಮೈಕ್ರಾನ್ ದಪ್ಪದ ಪೊರೆಯಾದರೆ, ಲೆಕ್ಕದ ಪ್ರಕಾರ ಸುಮಾರು 60 ವೋಲ್ಟ್‌ಗೆ ಸ್ಪರ್ಶಕೋನ 115 ಡಿಗ್ರಿಯಿಂದ 90ರ ಆಸುಪಾಸಿಗೆ ಇಳಿಯುತ್ತದೆ. ಪರಿಣಾಮವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಧನ, ಋಣಗಳ ಭೇದ ಇಲ್ಲಿ ಲೆಕ್ಕಕ್ಕಿಲ್ಲ.

ಹೆಸರು ಮಾತ್ರ ಸ್ವಲ್ಪ ದಾರಿತಪ್ಪಿಸುತ್ತದೆ. ವಿದ್ಯುತ್ ಕೊಟ್ಟೊಡನೆ ಟೆಫ್ಲಾನ್ ನೀರನ್ನು ಒಲ್ಲೆನೆನ್ನುವ ಗುಣವನ್ನು ಬಿಟ್ಟುಬಿಡುತ್ತದೆಂದು ತಿಳಿಯಬಾರದು. ಹನಿಯ ಅಂಚಿನಲ್ಲಿ ಸೇರುವ ವಿದ್ಯುದಾವೇಶವನ್ನು ಅಲ್ಲಿನ ಕ್ಷೇತ್ರ ಹೊರಕ್ಕೆ ಎಳೆಯುತ್ತದೆ. ಪೊರೆಯ ದಪ್ಪಕ್ಕಿಂತ ಸೂಕ್ಷ್ಮವಾದ ಅಳತೆಯಲ್ಲಿ ನೋಡಿದರೆ ಅಂಚಿನ ಕೋನ ಮೊದಲಿನಷ್ಟೇ ಇರುತ್ತದೆ. ಒದ್ದೆಯಾದಂತೆ ಕಾಣುವುದು ದೂರದಿಂದ ನೋಡುವ ನಮ್ಮ ಕಣ್ಣಿಗೆ.

ಇದರ ಅಚ್ಚುಕಟ್ಟಾದ ಬಳಕೆ ದ್ರವ ಮಸೂರ. ಪುಟ್ಟ ಕೋಶದೊಳಗೆ ಉಪ್ಪುನೀರು ಮತ್ತು ಎಣ್ಣೆಯನ್ನು ತುಂಬಿ ಮುಚ್ಚಿದರೆ, ಅವೆರಡರ ನಡುವಿನ ಬಾಗಿದ ಗಡಿಯೇ ಮಸೂರವಾಗುತ್ತದೆ. ವೋಲ್ಟೇಜ್ ಬದಲಾದಂತೆ ಗಡಿಯ ಬಾಗು ಬದಲಾಗಿ, ಯಾವ ಗಾಜೂ ಹಿಂದೆಮುಂದೆ ಸರಿಯದೆ ಫೋಕಸ್ ಹೊಂದುತ್ತದೆ. ಚಿಪ್‌ನ ಮೇಲೆ ಸಾಲಾಗಿ ಜೋಡಿಸಿದ ವಿದ್ಯುದ್ವಾರಗಳನ್ನು ಒಂದಾದಮೇಲೊಂದರಂತೆ ಚಾಲೂ ಮಾಡಿ, ಪರೀಕ್ಷೆಗೆಂದು ತಂದ ಹನಿಗಳನ್ನು ಪಂಪಿಲ್ಲದೆ ನಡೆಸುವುದೂ ಉಂಟು.

ಸೂತ್ರದ ಪ್ರಕಾರ ವೋಲ್ಟೇಜ್ ಏರಿಸುತ್ತಾ ಹೋದರೆ ಹನಿ ಪೂರ್ತಿ ಚಪ್ಪಟೆಯಾಗಬೇಕು. ಆದರೆ ಒಂದು ಹಂತದ ನಂತರ ಕೋನ ಇಳಿಯುವುದೇ ಇಲ್ಲ. ಇದಕ್ಕೆ ಹಲವು ವಿವರಣೆಗಳು ಬಂದಿದ್ದರೂ ಒಮ್ಮತ ಮೂಡಿಲ್ಲ. ಹಾಗಾಗಿ ಮಸೂರ ತಯಾರಿಸುವವರು ಆ ಹಂತಕ್ಕಿಂತ ಈಚೆಗೇ ತಮ್ಮ ವೋಲ್ಟೇಜನ್ನು ನಿಲ್ಲಿಸಿಕೊಳ್ಳುತ್ತಾರೆ.