ನಕ್ಷತ್ರ ಬರೀ ಚುಕ್ಕೆ, ಅದರ ಚಟುವಟಿಕೆ ಅಳೆಯೋದು ಹೇಗೆ?

ಓದುಗರ ಪ್ರಶ್ನೆ: ಸೂರ್ಯನ ಕಲೆಗಳನ್ನು ಫೋಟೊದಲ್ಲೇ ನೋಡಬಹುದು. ಉಳಿದ ನಕ್ಷತ್ರಗಳು ದೂರದರ್ಶಕದಲ್ಲೂ ಚುಕ್ಕೆಯೇ. ಹಾಗಿದ್ದರೂ ‘ಇದು ತುಂಬಾ ಚಟುವಟಿಕೆಯ ನಕ್ಷತ್ರ’ ಅಂತ ಹೇಗೆ ಹೇಳ್ತಾರೆ?

ಬೆಳಕನ್ನು ಬಿಡಿಸಿ ನೋಡಿ ಹೇಳ್ತಾರೆ. ಸೂರ್ಯನಂಥ ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಹರಡಿದರೆ ನೇರಳೆ ತುದಿಯಲ್ಲಿ, 393.4 ಮತ್ತು 396.8 ನ್ಯಾನೊಮೀಟರ್ ಹತ್ತಿರ, ಎರಡು ಅಗಲವಾದ ಕಪ್ಪು ಗೆರೆಗಳು ಸಿಗುತ್ತವೆ. ಕೆ ಮತ್ತು ಎಚ್ ಅಂತ ಹೆಸರು. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಕ್ಯಾಲ್ಸಿಯಂ ಅಲ್ಲಿನ ಬೆಳಕನ್ನು ನುಂಗಿರುತ್ತೆ. ಗ್ರಾಫ್ ಹಾಕಿದರೆ ಆಳವಾದ ಬಾವಿ ಥರ ಕಾಣುತ್ತೆ. ಆ ಬಾವಿಯ ತಳದಲ್ಲಿ ಸಣ್ಣ ಗುಡ್ಡೆ ಎದ್ದಿದೆಯಾ? ನಮಗೆ ಬೇಕಾದ್ದು ಅದೇ.

ಗುಡ್ಡೆ ಏಳೋದು ಯಾಕೆ? ನಕ್ಷತ್ರದ ಒಳಗಿನಿಂದ ಹೊರಗೆ ಹೋದಷ್ಟೂ ತಣ್ಣಗಾಗಬೇಕು ಅಲ್ವಾ? ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್. ಸ್ವಲ್ಪ ಮೇಲೆ ಹೋದರೆ ಇಳಿಯುತ್ತೆ, ಆಮೇಲೆ ವರ್ಣಗೋಳ ಅನ್ನೋ ಪದರದಲ್ಲಿ ಮತ್ತೆ ಏರುತ್ತೆ. ಗೆರೆಯ ನಟ್ಟನಡುವಿನ ಬೆಳಕು ಬರೋದು ಈ ಪದರದಿಂದ. ಚಟುವಟಿಕೆ ಅಂದರೆ ಕಲೆಗಳನ್ನೂ ಹುಟ್ಟಿಸುವ ಕಾಂತಕ್ಷೇತ್ರದ ಆಟ. ಕಾಂತಕ್ಷೇತ್ರ ಜೋರಾಗಿದ್ದಲ್ಲಿ ಪದರ ಜಾಸ್ತಿ ಕಾಯುತ್ತೆ, ಗುಡ್ಡೆಯೂ ಎತ್ತರವಾಗುತ್ತೆ.

ಇದನ್ನು ಪಟ್ಟು ಹಿಡಿದು ಅಳೆದವರು ಅಮೆರಿಕದ ಖಗೋಳವಿಜ್ಞಾನಿ ಆಲಿನ್ ವಿಲ್ಸನ್. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ 1966ರಲ್ಲಿ ಶುರು ಮಾಡಿದರು (ಬೆಟ್ಟದ ಹೆಸರು ಇವರಿಂದ ಬಂದದ್ದಲ್ಲ!). ಆ ಕೆಲಸ 2003ರವರೆಗೂ ನಡೆಯಿತು. ಎರಡೂ ಗೆರೆಗಳ ನಟ್ಟನಡುವಿನ ಬೆಳಕನ್ನು ಕೂಡಿಸಿ, ಅವುಗಳ ಆಚೆ ಈಚೆ ಇರುವ 2 ನ್ಯಾನೊಮೀಟರ್ ಅಗಲದ ಎರಡು ಪಟ್ಟಿಗಳ ಬೆಳಕಿನಿಂದ ಭಾಗಿಸೋದು, ಇಷ್ಟೇ ಉಪಾಯ. ತೆಳು ಮೋಡ ಬಂದರೆ ಎರಡೂ ಒಟ್ಟಿಗೇ ಮಂಕಾಗುತ್ತವೆ, ಭಾಗಲಬ್ಧ ಕೆಡಲ್ಲ. ಇದಕ್ಕೆ ಎಸ್ ಸೂಚ್ಯಂಕ ಅಂತಾರೆ. ಸೂರ್ಯನದು ಸುಮಾರು 0.17. ವಯಸ್ಸಲ್ಲಿ ಚಿಕ್ಕದಾದ ಎಪ್ಸಿಲಾನ್ ಎರಿಡಾನಿ ನಕ್ಷತ್ರದ್ದು 0.5ರ ಆಸುಪಾಸು.

ಆದರೆ ಸುಮ್ನೆ ಎರಡು ನಕ್ಷತ್ರಗಳ ಎಸ್ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಕೆಂಪು ನಕ್ಷತ್ರದಲ್ಲಿ ನೇರಳೆ ಬೆಳಕೇ ಕಮ್ಮಿ, ಹಾಗಾಗಿ ಅಕ್ಕಪಕ್ಕದ ಪಟ್ಟಿಗಳೂ ಮಂಕು. ಭಾಗಿಸಿದಾಗ ಎಸ್ ಸುಳ್ಳೇ ಉಬ್ಬುತ್ತೆ. ಬಣ್ಣಕ್ಕೆ ತಕ್ಕ ತಿದ್ದುಪಡಿ ಮಾಡಿದ ಮೇಲೇ ಹೋಲಿಕೆ. ಒಂದು ರಾತ್ರಿಯ ಅಳತೆಯೂ ಸಾಲದು: 61 ಸಿಗ್ನಿ ಎ ನಕ್ಷತ್ರದ ಏರಿಳಿತಕ್ಕೆ ಸುಮಾರು 7 ವರ್ಷ ಬೇಕು, ಟೌ ಸೆಟಿಯಲ್ಲಿ ಎಸ್ ಹೆಚ್ಚುಕಮ್ಮಿ ಬದಲಾಗೋದೇ ಇಲ್ಲ.

ಗುಡ್ಡೆಯ ಎತ್ತರ ಚಟುವಟಿಕೆ ಹೇಳಿದರೆ ಅದರ ಅಗಲ ಬೇರೆಯದನ್ನೇ ಹೇಳುತ್ತೆ. ಸೂರ್ಯನಂಥವು ಮತ್ತು ಅದಕ್ಕಿಂತ ತಣ್ಣಗಿನ ನಕ್ಷತ್ರಗಳಲ್ಲಿ, ಅಗಲ ಹೆಚ್ಚಿದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಜಾಸ್ತಿ. ಇದನ್ನು 1957ರಲ್ಲಿ ವಿಲ್ಸನ್ ಜೊತೆ ಸೇರಿ ತೋರಿಸಿದವರು ಭಾರತದ ಖಗೋಳವಿಜ್ಞಾನಿ ವೈನು ಬಪ್ಪು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರೂ ಅವರೇ.