ಫ್ರೇಮ್ ಮುರಿದದ್ದು ಆ ಕೊನೆಯ ಕಲ್ಲಿಗಲ್ಲ

ಪ್ರಶ್ನೆ: ನನ್ನ ತೂಕ 80 ಕಿಲೋ. ಅಲ್ಯುಮಿನಿಯಂ ಫ್ರೇಮಿನ ಮೌಂಟನ್ ಬೈಕ್ ಇದೆ. ಕಪ್ಪತಗುಡ್ಡದ ಕಡೆಯ ಕಲ್ಲುದಾರಿಯಲ್ಲಿ ಓಡಿಸಿದರೆ ಫ್ರೇಮಿನ ಮೇಲೆ ಎಷ್ಟು ಬಲ ಬೀಳುತ್ತದೆ? ತೂಕದ ಮೂರು ಪಟ್ಟು ಹಿಡಿದರೆ ಸಾಕೇ?

ಉತ್ತರ: ಮಳೆಗಾಲ ಮುಗಿದು ದಾರಿ ಒಣಗಿತೆಂದರೆ ಈ ಪ್ರಶ್ನೆ ಬಂತೆಂದೇ ಲೆಕ್ಕ. ಒಮ್ಮೆ ಗದಗಿನಿಂದ, ಒಮ್ಮೆ ಹಾವೇರಿಯಿಂದ. ಬದಲಾಗುವುದು ಕೇಳುವವರ ತೂಕ ಮಾತ್ರ. (ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಒಳಗೆ ಸೈಕಲ್ ಬಿಡುವ ಮುನ್ನ ಅರಣ್ಯ ಇಲಾಖೆಯನ್ನು ಕೇಳಿ. ಇದನ್ನೂ ಪ್ರತಿ ಸಲ ಹೇಳುತ್ತಲೇ ಇದ್ದೇನೆ.)

ಮೂರು ಪಟ್ಟು ಎಂಬುದು ಸುಳ್ಳಲ್ಲ. ಅದು ಬೇರೆ ಯಾರದೋ ಮೊಣಕಾಲಿನ ಲೆಕ್ಕ. ಬಿದ್ದ ಎತ್ತರವನ್ನು ನಿಲ್ಲುವುದಕ್ಕೆ ಸಿಕ್ಕ ದೂರದಿಂದ ಭಾಗಿಸಿ, ಒಂದು ಕೂಡಿಸಿ. ಸರಾಸರಿ ಬಲ ತೂಕದ ಅಷ್ಟು ಪಟ್ಟು. ನಿಮ್ಮ ತೂಕ ಸುಮಾರು 785 ನ್ಯೂಟನ್. ಅರ್ಧ ಮೀಟರ್ ದಿಬ್ಬದಿಂದ ಹಾರಿ ಇಳಿಯುವಾಗ ಕೈಕಾಲು ಮಡಚಿ 25 ಸೆಂ.ಮೀ. ಕುಗ್ಗಿದರೆ ಮೂರು ಪಟ್ಟು, 2,350 ನ್ಯೂಟನ್ ಆಸುಪಾಸು. ಅದೇ ನೀವು ಸೆಟೆದು ನಿಂತು 5 ಸೆಂ.ಮೀ.ಯಲ್ಲೇ ತಡೆದರೆ ಹನ್ನೊಂದು ಪಟ್ಟು, 8,600ರ ಮೇಲೆ. ಅದೇ ಫ್ರೇಮ್, ಅದೇ ದಿಬ್ಬ, ಅದೇ 80 ಕಿಲೋ.

ನಮ್ಮ ಹುಬ್ಬಳ್ಳಿ-ಧಾರವಾಡದ ಮೆಕ್ಯಾನಿಕಲ್ ಹುಡುಗರೂ ಪ್ರಾಜೆಕ್ಟಿಗೆಂದು ಸೀಟಿನ ಮೇಲೆ ಮೂರು ಪಟ್ಟು ತೂಕ ಹೇರಿ, ಕಂಪ್ಯೂಟರ್ ಕೊಟ್ಟ ಒತ್ತಡದ ಕೆಂಪು-ನೀಲಿ ಚಿತ್ರ ಮುದ್ರಿಸಿ, ‘ಸುರಕ್ಷಿತ’ ಎಂದು ಬರೆದು ಮಾರ್ಕು ಪಡೆಯುತ್ತಾರೆ. ಕಲ್ಲುದಾರಿಯಲ್ಲಿ ಸೀಟಿನ ಮೇಲೆ ಕೂರುವವರು ಯಾರಪ್ಪಾ? ಸವಾರ ಪೆಡಲಿನ ಮೇಲೆ ನಿಂತಿರುತ್ತಾನೆ. ಭಾರ ಪೆಡಲಿನ ತೋಳಾದ ಕ್ರ್ಯಾಂಕಿನ ಬುಡಕ್ಕೂ ಹ್ಯಾಂಡಲ್ಲಿಗೂ ಹಂಚಿಹೋಗುತ್ತದೆ. ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಆ ಚಕ್ರವನ್ನು ಹಿಡಿದಿರುವ ಫೋರ್ಕ್ ಹಿಂದಕ್ಕೆ ತಳ್ಳಲ್ಪಟ್ಟು, ತನ್ನ ಉದ್ದವನ್ನೇ ಸನ್ನೆಕೋಲು ಮಾಡಿಕೊಂಡು ಹ್ಯಾಂಡಲ್ ಕೆಳಗಿನ ಬೆಸುಗೆಯನ್ನು ಬಗ್ಗಿಸುತ್ತದೆ. ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 4210ರ ಪರೀಕ್ಷೆಯಲ್ಲಿ ಮೌಂಟನ್ ಬೈಕಿನ ಫೋರ್ಕ್ ತುದಿಯನ್ನು ಮುಂದಕ್ಕೆ 1,200, ಹಿಂದಕ್ಕೆ 600 ನ್ಯೂಟನ್ನಿನಂತೆ 50,000 ಸಲ ಎಳೆದಾಡುವುದು ಇದಕ್ಕೇ. ಮಾದರಿ ಮಾಡುವುದಾದರೆ ಟೈರಿಗೊಂದು ಸ್ಪ್ರಿಂಗ್, ಸವಾರನ ಕೈಕಾಲಿಗೆ ಸ್ಪ್ರಿಂಗಿನ ಜೊತೆ ಕುಲುಕಾಟ ತಗ್ಗಿಸುವ ಡ್ಯಾಂಪರ್, ಕೆಳಗೆ ಏರಿಳಿಯುವ ನೆಲ, ಇಷ್ಟಾದರೂ ಇರಲಿ. ಸವಾರನನ್ನು ಜೋಳದ ಚೀಲದಂತೆ ಕಟ್ಟಿಡಬೇಡಿ.

ಇನ್ನು ನನ್ನನ್ನು ನಿಜಕ್ಕೂ ದಣಿಸಿರುವ ನಂಬಿಕೆಗೆ ಬರುತ್ತೇನೆ. ‘ನಿನ್ನೆ ಒಂದು ದೊಡ್ಡ ಕಲ್ಲಿಗೆ ಬಡಿಯಿತು ಸರ್, ಫ್ರೇಮ್ ಮುರಿಯಿತು.’ ಆ ಕಲ್ಲು ಪಾಪ, ಕೊನೆಗೆ ಬಂದದ್ದು. ಮುರಿದ ಕೊಳವೆಯನ್ನು ಬಿಸಿಲಿಗೆ ಹಿಡಿದು ನೋಡಿ. ಒಂದು ಅಂಚಿನಲ್ಲಿ ಮಾಸಲು ಬಣ್ಣದ, ನುಣುಪಾದ ಭಾಗ ಕಾಣುತ್ತದೆ. ಎಷ್ಟೋ ಸಲ ಅದರೊಳಗೆ ಎರೆಮಣ್ಣಿನ ಧೂಳು ಕೂಡ ಹೊಕ್ಕಿರುತ್ತದೆ. ಅದೃಷ್ಟವಿದ್ದರೆ ಬಿಲ್ಲಿನಾಕಾರದ ಸಣ್ಣ ಗೆರೆಗಳೂ ಕಾಣುತ್ತವೆ. ಉಳಿದ ಭಾಗ ಹೊಳೆಯುವ ತರಿತರಿ. ಹೊಳೆಯುವುದಷ್ಟೇ ನಿನ್ನೆಯದು. ಮಾಸಲು ಭಾಗ ಹಲವು ವಾರ, ತಿಂಗಳುಗಳಿಂದ ಬೆಳೆದು ಬಂದ ಬಿರುಕು. ನಿನ್ನೆ ಸಿಕ್ಕಿದ ಧೂಳು ಒಂದೇ ರಾತ್ರಿಯಲ್ಲಿ ಅಷ್ಟು ಆಳಕ್ಕೆ ಇಳಿದು ಗಟ್ಟಿಯಾಗುತ್ತದೆಯೇ?

ಇದು ಲೋಹದ ದಣಿವು. ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್. ಅರ್ಧ ಮೀಟರಿಗೊಂದು ಕಲ್ಲಿದ್ದರೆ ಪ್ರತಿ ಚಕ್ರಕ್ಕೆ ಸೆಕೆಂಡಿಗೆ 10 ಏಟು, ಒಂದು ಗಂಟೆಗೆ 36,000. ಒಂದೊಂದೂ ಸಣ್ಣದೇ, ಆದರೆ ಲೋಹ ಯಾವುದನ್ನೂ ಮರೆಯುವುದಿಲ್ಲ. ಬೆಸುಗೆ ಹಾಕಿದ ಅಲ್ಯುಮಿನಿಯಂನಲ್ಲಿ ಆಯುಸ್ಸು ಒತ್ತಡದ ಸರಿಸುಮಾರು ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆಂದು ಹಿಡಿಯಬಹುದು: ಒತ್ತಡ ಶೇ. 20 ಏರಿದರೆ ಆಯುಸ್ಸು ಅರ್ಧ, ಎರಡು ಪಟ್ಟಾದರೆ ಹದಿನಾರನೆಯ ಒಂದು ಪಾಲು. ಆದ್ದರಿಂದ ‘ಎಷ್ಟು ಬಲ’ ಎಂದಷ್ಟೇ ಕೇಳಿದರೆ ಅರ್ಧ ಪ್ರಶ್ನೆ; ಎಷ್ಟು ಬಲ, ಎಷ್ಟು ಸಲ ಎಂದು ಕೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲೇ ಜರ್ಮನಿಯ ಪ್ರಷ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ರೈಲಿನ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಮುರಿದು ಇದನ್ನು ತೋರಿಸಿದ. ರೈಲ್ವೆ ವರ್ಕ್‌ಶಾಪ್ ಇರುವ ಹುಬ್ಬಳ್ಳಿಯಲ್ಲಿ ನಿಂತು ಇದನ್ನು ಮತ್ತೆ ಮತ್ತೆ ವಿವರಿಸಬೇಕಾಗಿ ಬಂದಿರುವುದು ನನಗೆ ಸ್ವಲ್ಪ ಸಂಕಟವೇ.

ಹಾಗಾದರೆ ಧಾರವಾಡದಲ್ಲಿ ಹಾಲಿನ ಕ್ಯಾನು ನೇತುಹಾಕಿಕೊಂಡು ಓಡುವ ಕರಿ ಸೈಕಲ್ ಏಕೆ ವರ್ಷಗಟ್ಟಲೆ ಬಾಳುತ್ತದೆ? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅದು ಉಕ್ಕು. ಒತ್ತಡ ಒಂದು ಮಿತಿಯ ಕೆಳಗಿದ್ದರೆ ಉಕ್ಕು ಬಹುಮಟ್ಟಿಗೆ ದಣಿಯುವುದೇ ಇಲ್ಲ. ಅಲ್ಯುಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಜೊತೆಗೆ ಕೊಳವೆ ದಪ್ಪ, ಓಟ ನಿಧಾನ, ಹಾಲು ಚೆಲ್ಲುವ ಭಯಕ್ಕೆ ಸವಾರನೇ ಗುಂಡಿ ತಪ್ಪಿಸುತ್ತಾನೆ. ಅದೂ ಬಿರುಕು ಬಿಡುತ್ತದೆ, ಆದರೆ ಬೀದಿ ಬದಿಯ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಹಿತ್ತಾಳೆ ಬೆಸುಗೆ ಹಾಕಿಸಿದರೆ ಮತ್ತೆ ಓಡುತ್ತದೆ.

ಅದನ್ನು ನೋಡಿಕೊಂಡು ನಿಮ್ಮ ಅಲ್ಯುಮಿನಿಯಂ ಫ್ರೇಮನ್ನು ಅದೇ ಅಂಗಡಿಗೆ ಒಯ್ಯಬೇಡಿ. ಇಂಥ ಫ್ರೇಮುಗಳಲ್ಲಿ ಸಾಮಾನ್ಯವಾಗಿ ಬಳಸುವ 6061 ಎಂಬ ಅಲ್ಯುಮಿನಿಯಂ ಮಿಶ್ರಲೋಹಕ್ಕೆ ಬಲ ಬಂದಿರುವುದು ಕಾರ್ಖಾನೆಯ ಶಾಖ ಸಂಸ್ಕಾರದಿಂದ. ಬೆಸುಗೆಯ ಕಾವಿಗೆ ಅಕ್ಕಪಕ್ಕದ ಲೋಹ ಮೆತ್ತಗಾಗುತ್ತದೆ, ಮುಂದಿನ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಸವಾರಿ ಮುಗಿದ ಮೇಲೆ ಮಣ್ಣು ತೊಳೆದು, ಹ್ಯಾಂಡಲ್ ಕೆಳಗಿನ ಬೆಸುಗೆ ಮತ್ತು ಕ್ರ್ಯಾಂಕಿನ ಸುತ್ತ ಟಾರ್ಚ್ ಹಿಡಿದು ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡು, ಉಗುರಿಗೂ ತಗುಲಿದರೆ ಆ ಫ್ರೇಮನ್ನು ಬಿಟ್ಟುಬಿಡಿ.